ಎತ್ತರಿಸಲು ಎಲ್ಲರ ಒಪ್ಪಿಗೆ ಇತ್ತು

ಮುಂಬಯಿಯ ಅಂಧೇರಿಯಲ್ಲಿ ಕೂಡಬೇಕಾಗಿದ್ದ ಎರಡು ಸೇತುವೆಗಳು ಕೂಡಲಿಲ್ಲ. ಉದ್ದ ಸಾಲದೆ ಅಲ್ಲ, ಎತ್ತರ ಹೊಂದದೆ. ಒಂದು ಮೇಲೆ, ಒಂದು ಕೆಳಗೆ, ನಡುವೆ ಸುಮಾರು ಒಂದೂವರೆ ಮೀಟರ್ ಗಾಳಿ. ಗೋಖಲೆ ಸೇತುವೆಯ ಹೊಸ ಭಾಗ 2024ರ ಫೆಬ್ರವರಿ 26ರಂದು ವಾಹನಗಳಿಗೆ ತೆರೆದುಕೊಂಡಿತು. ಜುಹು ಕಡೆಯಿಂದ ಬಂದು ಅದಕ್ಕೆ ಸೇರಬೇಕಾಗಿದ್ದ ಬರ್ಫಿವಾಲಾ ಫ್ಲೈಓವರ್ ಮಾತ್ರ ಹಳೇ ಜಾಗದಲ್ಲಿ, ಹಳೇ ಎತ್ತರದಲ್ಲೇ ನಿಂತು ಮೇಲೆ ನೋಡುತ್ತಿತ್ತು.

ಊರೆಲ್ಲ ನಕ್ಕಿತು. ನಾನು ಸ್ವಲ್ಪ ಜಾಸ್ತಿಯೇ ನಕ್ಕೆ. ಯಾಕೆಂದರೆ ಹೊಟ್ಟೆಪಾಡಿಗೆ ನಾನು ಮಾಡುವುದು ಇದೇ ಕೆಲಸ. ಮರೋಲ್‌ನ ಗಾಜಿನ ಕಟ್ಟಡವೊಂದರಲ್ಲಿ ಕೂತು ಇಶ್ಯೂ ರಿಜಿಸ್ಟರ್ (ಎದುರಾದ ತೊಂದರೆಗಳ ಪಟ್ಟಿ), ಚೇಂಜ್ ರಿಕ್ವೆಸ್ಟ್ (ಬದಲಾವಣೆಯ ಕೋರಿಕೆ) ಅಂತ ಎಕ್ಸೆಲ್ ಹಾಳೆ ತುಂಬಿಸುತ್ತೇನೆ. ನಮ್ಮಲ್ಲಿ ಕಂಪ್ಯೂಟರ್ ಪರದೆ ಮೇಲಿನ ಒಂದು ಬಟನ್ ನೀಲಿಯಿಂದ ಹಸಿರು ಆಗಬೇಕಾದರೂ ಫಾರ್ಮ್ ಬೇಕು. ಬದಲಾವಣೆ ಯಾಕೆ, ಎಷ್ಟು ಖರ್ಚು, ಎಷ್ಟು ದಿನ, ಇದರಿಂದ ಬೇರೆ ಯಾವ ಕೆಲಸಕ್ಕೆ ತೊಂದರೆ, ಒಪ್ಪಿದವರು ಯಾರು. ಇಷ್ಟೂ ಬರೆಯದೆ ಬಣ್ಣ ಬದಲಿಸಿದರೆ ಸಂಜೆಯೊಳಗೆ ಮೇಲಿನವರು ಕರೆಸಿ ವಿಚಾರಿಸುತ್ತಾರೆ. ಅಲ್ಲಿಂದ ಒಂದು ರಿಕ್ಷಾ ದೂರದಲ್ಲಿ ಇಡೀ ಸೇತುವೆ ಒಂದೂವರೆ ಮೀಟರ್ ಮೇಲೆದ್ದಿದೆ. ಕೇಳುವವರಿಲ್ಲ. ಹೊಟ್ಟೆಕಿಚ್ಚಾಗದೆ ಇರುತ್ತದೆಯೇ?

ಇದರಲ್ಲಿ ಯಾರೂ ಕದ್ದುಮುಚ್ಚಿ ಏನೂ ಮಾಡಿಲ್ಲ. ನನಗೆ ತುಂಬಾ ಇಷ್ಟವಾದ ಭಾಗ ಅದೇ. ಹಳಿಗಳ ಮೇಲೆ ಹಾಯುವ ಸೇತುವೆಗೆ ಮೊದಲಿಗಿಂತ ಜಾಸ್ತಿ ಎತ್ತರ ಬೇಕು ಎಂದು ರೈಲ್ವೆಯ ನಿಯಮ ಬದಲಾಗಿತ್ತು. ಕೆಳಗೆ ವಿದ್ಯುತ್ ತಂತಿ ಇದೆ, ರೈಲು ಓಡುತ್ತದೆ. ಎತ್ತರ ಕೇಳಿದ್ದು ತಪ್ಪಲ್ಲ. ರೈಲ್ವೆ ಕೇಳಿತು, ಪಾಲಿಕೆ ಒಪ್ಪಿತು, ನಕ್ಷೆ ಬರೆಯುವವರು ಬರೆದರು, ಗರ್ಡರ್ ತರುವವರು ತಂದರು. ಎಲ್ಲರೂ ತಮ್ಮ ತಮ್ಮ ಪಾಲಿನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದರು. ಆ ಅಚ್ಚುಕಟ್ಟನ್ನೆಲ್ಲ ಕೂಡಿಸಿದಾಗ ಬಂದ ಮೊತ್ತ ಒಂದೂವರೆ ಮೀಟರ್.

ಆ ಮೀಟಿಂಗ್ ನನ್ನ ಕಣ್ಣಿಗೆ ಕಟ್ಟುತ್ತದೆ. ಇಂಥ ಮೀಟಿಂಗ್‌ಗಳಲ್ಲೇ ಕೂದಲು ಬೆಳ್ಳಗಾದವನು ನಾನು.

"ಸಾಹೇಬ್, ರೈಲ್ವೆಯವರು ಎತ್ತರ ಜಾಸ್ತಿ ಬೇಕು ಅಂತಿದ್ದಾರೆ."

"ಕೊಡಿ."

"ಪಕ್ಕದ ಫ್ಲೈಓವರ್ ಇದೆಯಲ್ಲ ಸಾಹೇಬ್..."

"ಅದು ಈ ಟೆಂಡರ್‌ನಲ್ಲಿ ಇದೆಯಾ?"

"ಇಲ್ಲ."

"ಮತ್ತೆ ಅದರ ಸುದ್ದಿ ಯಾಕೆ? ಮುಂದಿನ ವಿಷಯ ಹೇಳಿ. ಚಹಾ ಬಂತಾ?"

ಬದಲಾವಣೆಯೇ ಬೇಡ ಎಂದು ಯಾರೂ ಹೇಳುವುದಿಲ್ಲ. ಮೊದಲ ನಕ್ಷೆಯಲ್ಲಿ ಇದ್ದಂತೆಯೇ ಕೊನೆಗೂ ಕಟ್ಟಿದ ದೊಡ್ಡ ಕೆಲಸ ಎಲ್ಲಿದೆ? ನೆಲ ಅಗೆದರೆ ಯಾವುದೋ ಕಾಲದ ನೀರಿನ ಪೈಪು ಸಿಗುತ್ತದೆ. ನಿಯಮ ಬದಲಾಗುತ್ತದೆ. ಸರ್ಕಾರವೂ ಬದಲಾಗುತ್ತದೆ. ಬದಲಾದದ್ದು ಯಾರಿಗೆಲ್ಲ ತಟ್ಟುತ್ತದೋ ಅವರಿಗೆ ಕಾಂಕ್ರೀಟ್ ಸುರಿಯುವ ಮೊದಲು ಒಂದು ಮಾತು ಹೇಳಿ. ಚೇಂಜ್ ಕಂಟ್ರೋಲ್ ಎಂಬ ದೊಡ್ಡ ಶಾಸ್ತ್ರದ ಹೊಟ್ಟೆಯಲ್ಲಿರುವುದು ಇಷ್ಟೇ.

ಇದನ್ನು ಕಲಿಯಲು ಪಾಲಿಕೆಯವರು ದೂರ ಹೋಗಬೇಕಾಗಿಲ್ಲ. ಅಂಧೇರಿ ಸ್ಟೇಷನ್ ಹತ್ತಿರದ ಯಾವುದೇ ಉಡುಪಿ ಹೋಟೆಲಿನಲ್ಲಿ ಬೆಳಗ್ಗೆ ಒಂಬತ್ತಕ್ಕೆ ಹೋಗಿ ಕೂತರೆ ಸಾಕು. ಮೂರನೇ ಟೇಬಲಿನ ಗಿರಾಕಿ ಮಸಾಲೆ ದೋಸೆ ಹೇಳಿರುತ್ತಾನೆ. ಎರಡು ನಿಮಿಷಕ್ಕೆ ಮನಸ್ಸು ಬದಲಾಯಿಸಿ ಸಾದಾ ಎನ್ನುತ್ತಾನೆ. ವೇಟರ್ ಅದನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಅಲ್ಲಿಂದಲೇ ಕೂಗುತ್ತಾನೆ, "ಮೂರಕ್ಕೆ ಮಸಾಲೆ ಬೇಡ, ಸಾದಾ!" ಒಳಗಿನಿಂದ ಭಟ್ಟರು ಅದನ್ನೇ ತಿರುಗಿಸಿ ಕೂಗುತ್ತಾರೆ, "ಮೂರಕ್ಕೆ ಸಾದಾ!" ಅಂದರೆ ಸುದ್ದಿ ತಲುಪಿದೆ. ಈಗಾಗಲೇ ಕಾವಲಿ ಮೇಲೆ ಪಲ್ಯ ಬಿದ್ದಿದ್ದರೆ ಉತ್ತರ ಬೇರೆ: "ಹಾಕಿ ಆಯ್ತು!" ಆಗ ವೇಟರ್ ಗಲ್ಲಾದ ಕಡೆ ನೋಡುತ್ತಾನೆ. ಗಲ್ಲಾದಲ್ಲಿ ಕೂತ ಅಣ್ಣ ಎರಡು ಸೆಕೆಂಡಿನಲ್ಲಿ ತೀರ್ಪು ಕೊಡುತ್ತಾರೆ. "ಅದನ್ನು ಏಳನೇ ಟೇಬಲಿಗೆ ಕೊಡು, ಇವರಿಗೆ ಹೊಸದು ಹಾಕಿಸು." ವಿನಂತಿ ಬಂತು, ಪರಿಣಾಮ ಲೆಕ್ಕ ಹಾಕಿದರು, ಅಧಿಕಾರ ಇದ್ದವರು ಒಪ್ಪಿದರು, ನಷ್ಟ ಯಾರದ್ದೆಂದು ತೀರ್ಮಾನವಾಯಿತು. ಎಲ್ಲ ಮುಗಿದಾಗ ಗಿರಾಕಿ ಇನ್ನೂ ನೀರು ಕುಡಿಯುತ್ತಿದ್ದಾನೆ.

ಒಮ್ಮೆ ಅಣ್ಣನಿಗೆ ಹೇಳಿದೆ, ನೀವು ಮಾಡುವುದನ್ನು ನಮ್ಮಲ್ಲಿ ಚೇಂಜ್ ಕಂಟ್ರೋಲ್ ಬೋರ್ಡ್ ಎನ್ನುತ್ತಾರೆ, ಏಳೆಂಟು ಜನ ಕೂರುತ್ತಾರೆ ಎಂದು. ಅಣ್ಣ ಚಿಲ್ಲರೆ ಎಣಿಸುತ್ತಲೇ ಕೇಳಿದರು, "ಏಳೆಂಟು ಜನ ಕೂತ್ರೆ ದೋಸೆ ತಣ್ಣಗಾಗುದಿಲ್ವಾ ಮಾರಾಯ್ರೆ?"

ಗೋಖಲೆ ಸೇತುವೆಯ ವಿಷಯದಲ್ಲಿ ಸಮಯ ಇರಲಿಲ್ಲ ಎನ್ನುವಂತೆಯೂ ಇಲ್ಲ. 1975ರ ಸೇತುವೆ. 2018ರ ಜುಲೈ 3ರ ಬೆಳಗ್ಗೆ ಅದರ ಕಾಲುದಾರಿ ಕುಸಿದು ಹಳಿಗಳ ಮೇಲೆ ಬಿತ್ತು. ಇಬ್ಬರು ಸತ್ತರು. ಅದರಲ್ಲಿ ನಗುವುದಕ್ಕೆ ಏನೂ ಇಲ್ಲ. ನಾಲ್ಕು ವರ್ಷ ಕಳೆದು, 2022ರ ನವೆಂಬರ್ 7ಕ್ಕೆ ಸೇತುವೆ ಪೂರ್ತಿ ಮುಚ್ಚಿತು. ಪೂರ್ವದಿಂದ ಪಶ್ಚಿಮಕ್ಕೆ ಹೋಗುವವರು ಸುತ್ತು ಹೊಡೆಯುತ್ತ ಒಂದು ವರ್ಷಕ್ಕೂ ಜಾಸ್ತಿ ಕಳೆದರು. ಅಷ್ಟು ದಿನವೂ ಬರ್ಫಿವಾಲಾ ಫ್ಲೈಓವರ್ ಅಲ್ಲೇ ಇತ್ತು, ಎಲ್ಲರ ಕಣ್ಣೆದುರಿಗೇ. ಆಗಬಹುದಾದ ತೊಂದರೆಗೆ ನಮ್ಮವರು ರಿಸ್ಕ್ ಎನ್ನುತ್ತಾರೆ, ಆಗಿಹೋದದ್ದಕ್ಕೆ ಇಶ್ಯೂ ಎನ್ನುತ್ತಾರೆ. ನಮ್ಮ ನಗರದಲ್ಲಿ ಮೊದಲನೆಯದಕ್ಕೆ ಪುಸ್ತಕವೇ ಇಟ್ಟಂತಿಲ್ಲ. ಎರಡನೆಯದನ್ನು ಜನರು ಮೊಬೈಲಿನಲ್ಲಿ ಫೋಟೊ ತೆಗೆದು ಹಂಚಿದ ಮೇಲೆ ದಾಖಲಾಗುತ್ತದೆ.

ಹಂಚಿದ ಮೇಲೆ ಮಾತ್ರ ಕೆಲಸ ಎಷ್ಟು ಚುರುಕಾಯಿತು ನೋಡಿ. ವಿಜೆಟಿಐ ಎಂಬ ಎಂಜಿನಿಯರಿಂಗ್ ಸಂಸ್ಥೆಯ ತಜ್ಞರನ್ನು ಕರೆದರು. ಅವರು ಅಳೆದು ನೋಡಿ, ಫ್ಲೈಓವರ್ ಕೆಡವುವುದು ಬೇಡ, ಹೈಡ್ರಾಲಿಕ್ ಜಾಕ್ ಇಟ್ಟು ಎತ್ತಿ ಎಂದರು. ಒಂದು ಬದಿ 1,397 ಮಿಲಿಮೀಟರ್, ಇನ್ನೊಂದು ಬದಿ 650 ಮಿಲಿಮೀಟರ್. ಆ ಅಂಕಿ ಗಮನಿಸಿ. 1,400 ಅಲ್ಲ, 1,397. ತಪ್ಪಿದ್ದು ಮೀಟರ್ ಲೆಕ್ಕದಲ್ಲಿ, ತಿದ್ದಿದ್ದು ಮಿಲಿಮೀಟರ್ ಲೆಕ್ಕದಲ್ಲಿ. ನಮ್ಮ ಎಂಜಿನಿಯರುಗಳಿಗೆ ಕೆಲಸ ಬರುವುದಿಲ್ಲ ಎಂದು ಯಾರಾದರೂ ಅಂದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ನಿಂತಿರುವ ಫ್ಲೈಓವರನ್ನು ಅನಾಮತ್ತಾಗಿ ಎತ್ತಿ, ಕೆಳಗೆ ಆಧಾರ ಕೊಟ್ಟು, ಪಕ್ಕದ ಸೇತುವೆಗೆ ಜೋಡಿಸುವುದು ಹುಡುಗಾಟವಲ್ಲ. 2024ರ ಜುಲೈ 4ರಂದು ಎರಡೂ ಕೂಡಿದವು. ಗೋಖಲೆ ಸೇತುವೆ ಪೂರ್ತಿ ತೆರೆದದ್ದು 2025ರ ಮೇ 11ಕ್ಕೆ. ಅದ್ಭುತ ಎಂಜಿನಿಯರಿಂಗ್. ಅದರ ಅಗತ್ಯವನ್ನು ತಪ್ಪಿಸಲು ಒಂದು ಫೋನ್ ಕರೆ ಸಾಕಿತ್ತು, ಆದರೆ ಫೋನ್ ಕರೆಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲವಲ್ಲ.

ಬ್ರಿಟಿಷ್ ಸರ್ಕಾರ 1996ರಲ್ಲಿ ಪ್ರಿನ್ಸ್ ಟೂ ಎಂಬ ಪ್ರಾಜೆಕ್ಟ್ ಪದ್ಧತಿ ಹೊರತಂದಿತು. ಅದರ ಹಳೇ ಆವೃತ್ತಿಗಳಲ್ಲಿ ಇಶ್ಯೂಗಳನ್ನು ಮೂರು ಬಗೆ ಮಾಡಿದ್ದರು. ಯಾರಾದರೂ ಬದಲಾವಣೆ ಕೇಳುವುದು ಒಂದು. ಹೇಳಿದಂತೆ ಕೆಲಸ ಆಗದೆ ಇರುವುದು ಇನ್ನೊಂದು. ಉಳಿದ ತಲೆನೋವುಗಳೆಲ್ಲ ಮೂರನೆಯದು. ಎರಡನೇ ಬಗೆಯದು ಬಂದಾಗ, ಕೊನೆಯ ಮಾತು ಹೇಳುವ ಪ್ರಾಜೆಕ್ಟ್ ಬೋರ್ಡ್ ಬೇಕಿದ್ದರೆ, "ಹೋಗ್ಲಿ, ಇದ್ದ ಹಾಗೇ ಒಪ್ಪಿಕೊಂಡೆವು" ಎಂದು ರಿಯಾಯಿತಿ ಕೊಡಬಹುದು. ಇದನ್ನು ಓದಿದಾಗ ನನಗೆ ಮುಂಬಯಿಯ ಜನರ ಮೇಲೆ ಗೌರವ ಹೆಚ್ಚಾಯಿತು. ಪ್ರಪಂಚದ ಅತಿ ದೊಡ್ಡ ಪ್ರಾಜೆಕ್ಟ್ ಬೋರ್ಡ್ ನಮ್ಮದೇ. ದಿನಾ ಬೆಳಗ್ಗೆ ಲೋಕಲ್ ಬಾಗಿಲಲ್ಲಿ ನೇತಾಡುತ್ತ, ಮಳೆಗಾಲದಲ್ಲಿ ಮೊಣಕಾಲು ನೀರಿನಲ್ಲಿ ನಡೆಯುತ್ತ, ರಿಯಾಯಿತಿ ಮೇಲೆ ರಿಯಾಯಿತಿ ಕೊಡುತ್ತೇವೆ. ಸಹಿಯನ್ನೂ ಯಾರೂ ಕೇಳುವುದಿಲ್ಲ.

ಪುಣೆಯವರು ಇದನ್ನು ಓದಿ ಬೀಗಬಾರದು. ಅವರಲ್ಲಿ ಚಾಂದನಿ ಚೌಕದ ಹಳೇ ಸೇತುವೆಯನ್ನು ಬೀಳಿಸಲು 2022ರ ಅಕ್ಟೋಬರ್ 2ರ ನಡುರಾತ್ರಿ ಮುಹೂರ್ತ ಇಟ್ಟಿದ್ದರು. ಸುಮಾರು 600 ಕಿಲೋ ಸ್ಫೋಟಕ. ಪೊಲೀಸರು, ಟಿವಿ ಕ್ಯಾಮೆರಾ, ನಿದ್ದೆಗೆಟ್ಟು ನೋಡಲು ನಿಂತ ಜನ. ಢಂ ಎಂದಿತು, ಧೂಳೆದ್ದಿತು. ಧೂಳು ಇಳಿದಾಗ ನೋಡಿದರೆ ಸೇತುವೆ ಪೂರ್ತಿ ಬಿದ್ದಿರಲಿಲ್ಲ. ಕೊನೆಗೆ ಅಗೆಯುವ ಯಂತ್ರಗಳನ್ನು ತಂದು ಉಳಿದದ್ದನ್ನು ಕೆಡವಿದರು. ಕಾರಣ ಕೇಳಿದರೆ, ಒಳಗೆ ಲೆಕ್ಕ ಹಾಕಿದ್ದಕ್ಕಿಂತ ಜಾಸ್ತಿ ಕಬ್ಬಿಣ ಇತ್ತಂತೆ. ನನ್ನ ವೃತ್ತಿಜೀವನದಲ್ಲಿ ಇಂಥದ್ದೊಂದನ್ನು ಇಶ್ಯೂ ರಿಜಿಸ್ಟರಿನಲ್ಲಿ ಬರೆದ ನೆನಪಿಲ್ಲ. "ತೊಂದರೆ: ಹಿಂದಿನವರು ಗಟ್ಟಿಯಾಗಿ ಕಟ್ಟಿದ್ದಾರೆ. ತೀವ್ರತೆ: ಅತಿ ಹೆಚ್ಚು." ಕಟ್ಟಿದಾಗ ಏನು ಹಾಕಿದರು ಎಂದು ನಿಜವಾದ ನಕ್ಷೆ ಉಳಿಸಿಕೊಳ್ಳದಿದ್ದರೆ ಪ್ರಾಮಾಣಿಕತೆಯೂ ಒಂದು ದಿನ ಸಮಸ್ಯೆಯಾಗಿ ಎದುರು ನಿಲ್ಲುತ್ತದೆ.

ಅದೇ ಪುಣೆಯಲ್ಲಿ ವಿಶ್ವವಿದ್ಯಾಲಯದ ಮುಂದಿನ ಫ್ಲೈಓವರನ್ನು, ಕಟ್ಟಿ ಎರಡು ದಶಕವೂ ಆಗದೆ, 2020ರಲ್ಲಿ ಕೆಡವಿದರು. ಮೆಟ್ರೊ ಬರಬೇಕಿತ್ತು, ಜಾಗ ಬೇಕಿತ್ತು. ಖರ್ಚಿನ ಮಾತು ಎತ್ತುವುದು ನನಗೆ ಬೇಸರ. ಬಾಂದ್ರಾ ವರ್ಲಿ ಸಮುದ್ರ ಸೇತುವೆಯ ಮೊದಲ ಅಂದಾಜು 660 ಕೋಟಿ, ಮುಗಿದಾಗ ಸುಮಾರು 1,600 ಕೋಟಿ ಎಂಬುದು ಎಲ್ಲರಿಗೂ ಗೊತ್ತು.

ಕೆಲವು ಬದಲಾವಣೆಗಳಲ್ಲಿ ಕಟ್ಟುವುದೂ ಇಲ್ಲ, ಕೆಡವುವುದೂ ಇಲ್ಲ, ತಾರೀಕು ಮಾತ್ರ ಓಡಾಡುತ್ತದೆ. ಮುಂಬಯಿಯ 1912ರ ಸಯನ್ ಸೇತುವೆಯನ್ನು ಮುಚ್ಚುವ ದಿನ ಗೊತ್ತುಮಾಡುವುದು, ಮುಂದಕ್ಕೆ ಹಾಕುವುದು 2024ರಲ್ಲಿ ಹಲವು ಸಲ ನಡೆಯಿತು. ಸ್ಥಳೀಯರ ವಿರೋಧ, ಬೋರ್ಡ್ ಪರೀಕ್ಷೆ, ಚುನಾವಣೆ. ಅಂತೂ ಆಗಸ್ಟ್ 1ಕ್ಕೆ ಮುಚ್ಚಿತು. ಅಂದಿನಿಂದ ಮಾಟುಂಗಾದ ಮೈಸೂರು ಅಸೋಸಿಯೇಶನ್ ಕಾರ್ಯಕ್ರಮಕ್ಕೆ ತಡವಾಗಿ ಬಂದವರಿಗೆಲ್ಲ ಒಂದೇ ಕಾರಣ, ಸಯನ್ ಸೇತುವೆ. ದಹಿಸರ್‌ನಿಂದ ನೇರವಾಗಿ ಬರುವವರೂ ಅದನ್ನೇ ಹೇಳುತ್ತಾರೆ. ಸಂಘದವರು ಪಾಪ, ಉಪ್ಪಿಟ್ಟು ಎತ್ತಿಟ್ಟಿರುತ್ತಾರೆ.

ಈಗ ಸರದಿ ಪ್ರಭಾದೇವಿಯದು. ಶತಮಾನ ದಾಟಿದ ಎಲ್ಫಿನ್‌ಸ್ಟನ್ ಸೇತುವೆ 2025ರ ಸೆಪ್ಟೆಂಬರ್ 12ರಂದು ಮುಚ್ಚಿತು. ಆ ಜಾಗದಲ್ಲಿ ಎರಡಂತಸ್ತಿನ ಸೇತುವೆ ಬರುತ್ತದೆ. ಕೆಳಗಿನ ಅಂತಸ್ತು ಪರೇಲ್ ಪ್ರಭಾದೇವಿಯ ಓಡಾಟಕ್ಕೆ, ಮೇಲಿನದು ಶಿವಡಿಯಿಂದ ವರ್ಲಿಗೆ ಹೋಗುವ ಮೇಲ್ರಸ್ತೆಗೆ. ಕೆಳಗೆ ಮತ್ತದೇ ರೈಲು ಹಳಿ. ಅಣ್ಣನಿಗೆ ಇದನ್ನು ವಿವರಿಸಿದೆ. ಎರಡು ಅಂತಸ್ತೂ ಒಂದೇ ಸೇತುವೆಯಲ್ಲಿ ಇರುವುದರಿಂದ ಈ ಸಲ ಒಂದು ಮೇಲೆ, ಒಂದು ಕೆಳಗೆ ಆದರೂ ಯಾರೂ ನಗುವಂತಿಲ್ಲ ಎಂದೆ.

ಅಣ್ಣ ಗಲ್ಲಾ ಮುಚ್ಚಿ ಸ್ವಲ್ಪ ಯೋಚನೆ ಮಾಡಿದರು. "ಅದು ಸರಿ. ಆದ್ರೆ ಎರಡೂ ಒಂದಲ್ಲ ಒಂದು ಕಡೆ ಬೇರೆ ರಸ್ತೆಗೆ ಸೇರ್ಲೇಬೇಕಲ್ಲ. ಆ ರಸ್ತೆಯವ್ರಿಗೆ ಯಾರಾದ್ರೂ ಫೋನ್ ಮಾಡಿದ್ದಾರಾ?"