ತಲಪಾಡಿಯಲ್ಲಿ ಯಾರೂ ಕೇಳದ ಚೀಟಿ

ನಾನಿರುವುದು ಜರ್ಮನಿಯ ಆಖೆನ್ ನಗರದಲ್ಲಿ. ಪಕ್ಕದ ವಾಲ್ಸ್ ಇರುವುದು ನೆದರ್ಲೆಂಡ್ಸಿನಲ್ಲಿ, ಆದರೂ ನಮ್ಮ ನಗರ ಸಾರಿಗೆಯ ಬಸ್ಸೇ ಅಲ್ಲಿಗೂ ಹೋಗುತ್ತದೆ. ಜರ್ಮನಿಯಲ್ಲಿ ಕಾಫಿಗೆ ಪ್ರತ್ಯೇಕ ತೆರಿಗೆಯಿದೆ. ಹಾಗಾಗಿ ಇಲ್ಲಿನವರು ಕಾಫಿಪುಡಿಗೆ ಅಲ್ಲಿಗೆ ಹೋಗುತ್ತಾರೆ, ಅಲ್ಲಿನವರು ಪೆಟ್ರೋಲಿಗೆ ಇಲ್ಲಿಗೆ ಬರುತ್ತಾರೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಸೀಮೆಯಲ್ಲಿ ಕಾಫಿ ಕಳ್ಳಸಾಗಣೆ ಎಷ್ಟಿತ್ತೆಂದರೆ, ಹಳ್ಳಿಯೊಂದರ ಇಗರ್ಜಿ ಆ ದುಡ್ಡಿನ ಕಾಣಿಕೆಯಿಂದ ಮರಳಿ ಎದ್ದಿತೆಂದು ಜನ ಅದಕ್ಕೆ ಕಾಫಿಯದೇ ಹೆಸರು ಸೇರಿಸಿ 'ಸಂತ ಮೊಕ್ಕಾ' ಎಂದು ಕರೆದರು. ಈಗ ಕಳ್ಳರಿಗೂ ಕೆಲಸವಿಲ್ಲ. ಫಲಕದ ಭಾಷೆ ಬದಲಾದಾಗಲೇ ದೇಶ ಬದಲಾದದ್ದು ತಿಳಿಯುವುದು.

1985ರ ಜೂನ್ 14ರಂದು ಲಕ್ಸೆಂಬರ್ಗಿನ ಷೆಂಗೆನ್ ಹಳ್ಳಿಯ ಬಳಿ, ಮೊಸೆಲ್ ನದಿಯ ಹಡಗೊಂದರಲ್ಲಿ, ತಮ್ಮ ನಡುವಿನ ಗಡಿ ತಪಾಸಣೆಯನ್ನು ಕೈಬಿಡಲು ಐದು ದೇಶಗಳು ಹಾಕಿದ ಸಹಿಯ ಫಲ ಇದು. ಇಂದು ಆ ಷೆಂಗೆನ್ ವಲಯದಲ್ಲಿ 29 ದೇಶಗಳಿವೆ. ಜತೆಗಿರುವ ಭಾರತೀಯರು ಇದನ್ನು ಕಂಡು ಬೆರಗಾಗುತ್ತಾರೆ. ನನಗೆ ಅಷ್ಟು ಬೆರಗಿಲ್ಲ. ನಾನು ಮಂಜೇಶ್ವರದವನು. 1956ರಲ್ಲಿ ನಮ್ಮ ಊರು ಕೇರಳಕ್ಕೆ ಸೇರಿದರೂ ಆಸ್ಪತ್ರೆ, ಕಾಲೇಜು, ಮದುವೆಯ ಜವಳಿ ಎಲ್ಲದಕ್ಕೂ ಗಡಿಯ ತಲಪಾಡಿ ದಾಟಿ ಮಂಗಳೂರಿಗೇ ಹೋದವರು ನಾವು. ಫಲಕದ ಭಾಷೆ ಬದಲಾಗುವುದು ಅಲ್ಲಿಯೂ ಇದೆ. ಭಾರತ–ನೇಪಾಳದ ನಡುವೆಯಂತೂ 1950ರ ಒಪ್ಪಂದದ ಕಾಲದಿಂದ ಎರಡೂ ಕಡೆಯವರಿಗೆ ಪಾಸ್‌ಪೋರ್ಟಿನ ಹಂಗಿಲ್ಲ. ಷೆಂಗೆನ್ನಿನ ಹೆಸರೇ ಯಾರಿಗೂ ಗೊತ್ತಿರದ ಕಾಲ ಅದು.

ತೆರೆದ ದಾರಿ ಮುಚ್ಚುವುದನ್ನೂ ಎರಡೂ ಕಡೆ ಕಂಡಿದ್ದೇವೆ. ಕೊರೊನಾ ಬಂದ 2020ರ ಮಾರ್ಚಿನಲ್ಲಿ ಕರ್ನಾಟಕ ನಮ್ಮ ಕಡೆಯ ಒಳರಸ್ತೆಗಳಿಗೆ ಮಣ್ಣು ಸುರಿಯಿತು, ಆಂಬುಲೆನ್ಸ್‌ಗಳು ತಲಪಾಡಿಯಿಂದ ಹಿಂದಿರುಗಿದವು, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕನ್ನಡ ನಾಡೇ ಕನ್ನಡಿಗನಿಗೆ ಬಾಗಿಲು ಹಾಕಿತಲ್ಲ ಎಂಬ ನೋವು ನಮ್ಮವರಲ್ಲಿ ಇನ್ನೂ ಇದೆ. ಅದೇ ವಸಂತದಲ್ಲಿ ಜರ್ಮನಿಯ ಕಾನ್‌ಸ್ಟಾಂಜ್ ಮತ್ತು ಸ್ವಿಟ್ಜರ್ಲೆಂಡಿನ ಕ್ರೊಯ್ಟ್ಸ್‌ಲಿಂಗನ್ ನಡುವೆ ಬೇಲಿ ಎದ್ದಿತು. ಪ್ರೇಮಿಗಳು ಬೇಲಿಯ ಸಂದಿನಲ್ಲಿ ಕೈ ಹಿಡಿಯುತ್ತಾರೆಂದು ಎರಡನೆಯ ಬೇಲಿಯನ್ನೂ ಹಾಕಿದರು!

ಆದರೆ ಒಂದು ವ್ಯತ್ಯಾಸವಿದೆ, ಅದು ನನಗೆ ತಡವಾಗಿ ತಿಳಿಯಿತು. ಊರಿನಲ್ಲಿ ತಪಾಸಣೆಗೆ ಸಿಗುವುದು ವಾಹನ: ಕೇರಳದ ನಂಬರಿನ ಕಾರು ಕರ್ನಾಟಕದಲ್ಲಿ ವರ್ಷ ಮೀರಿ ನಿಂತರೆ ಮರುನೋಂದಣಿಯ ಪ್ರಶ್ನೆ ಬರುತ್ತದೆ. ಅದರೊಳಗೆ ಕುಳಿತವನನ್ನು ಯಾರೂ ಏನೂ ಕೇಳುವುದಿಲ್ಲ. ಇಲ್ಲಿ ಕೇಳುವುದು ಮನುಷ್ಯನನ್ನು. ಜರ್ಮನಿಯ ವಾಸದ ಪರವಾನಗಿಯಿರುವ ನಾನು ಉಳಿದ ಷೆಂಗೆನ್ ದೇಶಗಳಲ್ಲಿ 180 ದಿನಗಳಲ್ಲಿ 90 ದಿನ ಇರಬಹುದು, ಅದೂ ಪಾಸ್‌ಪೋರ್ಟ್ ಜತೆಯಲ್ಲಿದ್ದರೆ. ಪಾಸ್‌ಪೋರ್ಟ್ ಬೇಡದ ವಲಯ ಎಂಬ ಮಾತು ನನ್ನಂಥವನ ಮಟ್ಟಿಗೆ ಅರ್ಧ ಸತ್ಯ.

2024ರ ಸೆಪ್ಟೆಂಬರಿನಲ್ಲಿ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲಿಯೂ ತಪಾಸಣೆ ಶುರುಮಾಡಿತು. ಒಂದು ಸಂಜೆ ವಾಲ್ಸ್‌ನಿಂದ ಮರಳುವಾಗ ನಮ್ಮ ಬಸ್ಸಿಗೂ ಪೊಲೀಸರು ಹತ್ತಿದರು. ನನ್ನ ಪಾಸ್‌ಪೋರ್ಟ್ ಮನೆಯ ಕಪಾಟಿನಲ್ಲಿತ್ತು, ಕೈಯಲ್ಲಿದ್ದುದು ಕಾಫಿಪುಡಿ. ಪರವಾನಗಿ ಕಾರ್ಡು ಜೇಬಿನಲ್ಲಿದ್ದುದರಿಂದ ಬಿಟ್ಟರು, ಬುದ್ಧಿಮಾತು ಹೇಳಿ. ಈಗ ಅಂಗಡಿಗೆ ಹೊರಟರೂ ಪಾಸ್‌ಪೋರ್ಟ್ ಇದೆಯೇ ಎಂದು ಹೆಂಡತಿ ಕೇಳುತ್ತಾಳೆ. ಮಂಗಳೂರಿಗೆ ಹೊರಟಾಗ ಅಮ್ಮ ಕೇಳುತ್ತಿದ್ದುದು ಕೊಡೆ ತೆಗೆದುಕೊಂಡೆಯಾ ಎಂದಷ್ಟೇ.