ಪ್ರತಿ ಪ್ಯಾರಾಕ್ಕೂ ‘ಮೋರೋವರ್’ ಬೇಡ

ಪ್ರತಿ ಪ್ಯಾರಾವನ್ನೂ ‘ಮೋರೋವರ್’ (ಅಲ್ಲದೆ), ‘ದೇರ್‌ಫೋರ್’ (ಆದ್ದರಿಂದ) ಥರದ ಜೋಡಣೆಯ ಪದದಿಂದಲೇ ಶುರುಮಾಡಿದರೆ ಇಂಗ್ಲಿಷ್ ಪ್ರಬಂಧ ತಾನಾಗಿ ಹರಿಯುತ್ತದೆ ಎಂದು, ಅಂಥ ಪದಗಳ ಪಟ್ಟಿಯ ಜೊತೆ ನಿಮ್ಮ ಲೇಖನದಲ್ಲಿ ಕೊಟ್ಟ ಸಲಹೆಯನ್ನು ಒಪ್ಪಲಾರೆ. ಶಿರಸಿಯಲ್ಲಿ ಪಿಯು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವವಳು ನಾನು. ಇಂಥ ಪಟ್ಟಿ ಬಾಯಿಪಾಠ ಮಾಡಿದವರು ಎಲ್ಲೆಂದರಲ್ಲಿ ‘ಮೋರೋವರ್’, ‘ದೇರ್‌ಫೋರ್’ ಸೇರಿಸುತ್ತಾರೆ. ಹಿಂದಿನ ವಾಕ್ಯದಲ್ಲಿ ಕಾರಣವೇ ಇಲ್ಲದಿದ್ದರೆ ‘ದೇರ್‌ಫೋರ್’ ಹಾಕಿದ ಮಾತ್ರಕ್ಕೆ ಅದು ಹುಟ್ಟುವುದಿಲ್ಲ. ತರ್ಕ ತಪ್ಪಿದ್ದು ಇನ್ನಷ್ಟು ಎದ್ದು ಕಾಣುತ್ತದೆ.

ನಮ್ಮ ಮಕ್ಕಳಿಗೆ ಗೊತ್ತಿರುವ ಅಡಿಕೆ ತೋಟವನ್ನೇ ತೆಗೆದುಕೊಳ್ಳಿ. ಮಳೆ ಬಿಡದೆ ಹೊಯ್ದರೆ ಅಡಿಕೆಗೆ ಕೊಳೆರೋಗ ಬರುತ್ತದೆ ಎಂಬುದು ಮೊದಲ ವಾಕ್ಯ. ಅದನ್ನು ತಡೆಯಲು ಮಳೆಗಾಲ ಹಿಡಿಯುವ ಮೊದಲೇ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುತ್ತಾರೆ ಎಂಬುದು ಎರಡನೆಯದು. ಇಂಗ್ಲಿಷಿನಲ್ಲಿ ಎರಡನೆಯದನ್ನು ‘ಟು ಪ್ರಿವೆಂಟ್ ದಿಸ್ ಡಿಸೀಸ್’ ಎಂದು ಆರಂಭಿಸಿದರೆ ಸಾಕು. ಮೊದಲ ವಾಕ್ಯ ಮುಗಿದ ವಿಷಯದಿಂದಲೇ ಮುಂದಿನದು ಹೊರಟಿತು. ಪಟ್ಟಿಯ ಯಾವ ಪದವೂ ಬೇಕಾಗಲಿಲ್ಲ. ಲೇಖನದಲ್ಲಿ ಈ ಬಗೆಯ ಜೋಡಣೆಯ ಮಾತೇ ಇಲ್ಲ, ನನಗೆ ಬೇಸರವಾಗಿದ್ದು ಅದಕ್ಕೇ.

ಮಾತು ಎದುರು ದಿಕ್ಕಿಗೆ ತಿರುಗುವಲ್ಲಿ ‘ಹೌಎವರ್’ ಖಂಡಿತ ಬೇಕು: ಮದ್ದು ಹೊಡೆದಿದ್ದರು, ಆದರೂ ಕೊಳೆ ಬಂತು ಎನ್ನುವಂಥ ಕಡೆ. ಆದರೆ ‘ಹೌಎವರ್’ಗೆ ಮುಂಚೆ ಬರೀ ಅಲ್ಪವಿರಾಮ ಇಟ್ಟು ಎರಡು ಪೂರ್ಣ ವಾಕ್ಯಗಳನ್ನು ಅಂಟಿಸುವಂತಿಲ್ಲ. ಪೂರ್ಣವಿರಾಮವೋ ಅರ್ಧವಿರಾಮವೋ ಬೇಕು. ‘ಬಟ್’ಗಾದರೆ ಅಲ್ಪವಿರಾಮ ಸಾಕು. ನೀವು ಎರಡನ್ನೂ ಒಂದೇ ಸಾಲಿನಲ್ಲಿ, ಒಂದರ ಬದಲು ಇನ್ನೊಂದು ಹಾಕಬಹುದು ಎಂಬಂತೆ ಕೊಟ್ಟಿದ್ದೀರಿ. ಪರೀಕ್ಷೆಗೆ ಓದುವ ಮಕ್ಕಳು ಇದನ್ನು ಹಾಗೆಯೇ ನಂಬುತ್ತಾರೆ, ದಯವಿಟ್ಟು ಆ ಭಾಗ ತಿದ್ದಿ.