ಶೀಟು ಇಳಿಸುವ ಮುನ್ನ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಳೇ ಸಮುದಾಯ ಭವನದ ರಿಪೇರಿಗೆ ಅನುದಾನ ಬಂತೆಂದರೆ ಮೊದಲು ಸಿದ್ಧವಾಗುವುದು ಎಸ್ಟಿಮೇಟು. ಇಷ್ಟು ಚದರಡಿ ಟೈಲ್ಸು, ಇಷ್ಟು ಲೀಟರ್ ಬಣ್ಣ, ಹಳೇ ಶೀಟು ತೆಗೆದು ಹೊಸದು. ಆ ಹಳೇ ಶೀಟಿನಲ್ಲಿ ಏನಿದೆ, ತೆಗೆದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬ ಸಾಲು ಅದರಲ್ಲಿ ಇರುವುದಿಲ್ಲ. ನಾವಿರುವ ಅಮೆರಿಕದಲ್ಲಿ ಸಾರ್ವಜನಿಕ ಕಟ್ಟಡಕ್ಕೆ ಸುತ್ತಿಗೆ ಬೀಳುವ ಮೊದಲೇ ಕಲ್ನಾರಿನ (ಆಸ್ಬೆಸ್ಟಾಸ್; ಹಳೇ ಸಿಮೆಂಟ್ ಶೀಟುಗಳಲ್ಲಿರುವ, ಉಸಿರಿನೊಳಗೆ ಹೋದರೆ ಶ್ವಾಸಕೋಶ ಕೆಡಿಸುವ ನಾರು) ತಪಾಸಣೆ ಮುಗಿದಿರಬೇಕು. ಪುಡಿಯಾಗುವಂಥ ಕಲ್ನಾರು 160 ಚದರಡಿಯಷ್ಟು ತೆಗೆಯುವುದಿದ್ದರೂ 10 ಕೆಲಸದ ದಿನ ಮುಂಚೆ ಇಲಾಖೆಗೆ ತಿಳಿಸಬೇಕು.

ಹಾಗಂತ ಇಲ್ಲಿನದೆಲ್ಲವನ್ನೂ ಊರಿಗೆ ಹೊತ್ತು ತರಬೇಕಿಲ್ಲ. ‘ಫೇಸ್ ಒನ್’ ಎಂಬ ಹೆಸರುವಾಸಿ ವರದಿ ಹುಟ್ಟಿದ್ದೇ ಜಾಗ ಕೊಳ್ಳುವವರಿಗೆ ಅಲ್ಲಿನ ಹಳೇ ಮಾಲಿನ್ಯದ ಹೊಣೆ ತಪ್ಪಿಸಲು. ಹಳೇ ದಾಖಲೆ, ಸ್ಥಳ ಭೇಟಿ, ವಿಚಾರಣೆ, ಅಷ್ಟೇ. ಒಂದು ಹಿಡಿ ಮಣ್ಣನ್ನೂ ತೆಗೆಯುವುದಿಲ್ಲ. ಕಲ್ನಾರು, ಸೀಸದ ಬಣ್ಣ, ಬೂಷ್ಟು ಅದರ ವ್ಯಾಪ್ತಿಗೇ ಬರುವುದಿಲ್ಲ. ಅದೊಂದನ್ನೇ ನಂಬಿದವರ ಕೆಲಸ ಸೀಲಿಂಗ್ ಬಿಚ್ಚಿದ ದಿನ ನಿಲ್ಲುತ್ತದೆ.

ನಮಗೆ ಅದರಿಂದ ಬೇಕಾದದ್ದು ವಿಚಾರಣೆ. ಕಡತದಲ್ಲಿಲ್ಲದ್ದು ಊರ ಹಿರಿಯರಿಗೆ ಗೊತ್ತು. ಮೈಲುತುತ್ತದ (ತಾಮ್ರದ ಸಲ್ಫೇಟ್) ಚೀಲ ಯಾವ ಕೋಣೆಯಲ್ಲಿ ಇಡುತ್ತಿದ್ದರು, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಡ್ರಮ್ಮು ಎಲ್ಲಿ ತೊಳೆಯುತ್ತಿದ್ದರು, ಗೆದ್ದಲಿಗೆ ಏನು ಹೊಯ್ದರು? ಶೇ. 1ರ ಬೋರ್ಡೋ ದ್ರಾವಣವೆಂದರೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ. ಹಲವು ಕೀಟನಾಶಕಗಳು ಕಾಲಕ್ರಮೇಣ ವಿಘಟನೆಯಾಗುತ್ತವೆ; ತಾಮ್ರ ಹಾಗಲ್ಲ, ಮೇಲ್ಮಣ್ಣಿನಲ್ಲೇ ಉಳಿಯುತ್ತದೆ. ಅಂಥ ಜಾಗದಲ್ಲಿ ಅಂಗನವಾಡಿಯ ಆಟದಂಗಳ ಮಾಡುವುದಿದ್ದರೆ ಮೇಲಿನ 15 ಸೆಂ.ಮೀ. ಮಣ್ಣನ್ನು ಪರೀಕ್ಷೆಗೆ ಕಳಿಸಿ. ರೈತರಿಗೆ ಮಾಡುವ ಮಣ್ಣು ಪರೀಕ್ಷೆಯಲ್ಲಿ ಗಿಡಕ್ಕೆ ಸಿಗುವ ತಾಮ್ರದ ಲೆಕ್ಕ ಮಾತ್ರ ಬರುತ್ತದೆ; ಒಟ್ಟು ತಾಮ್ರ ಬೇಕೆಂದು ಬರೆದು ಕೊಡಬೇಕು.

ಬಣ್ಣದ ವಿಷಯದಲ್ಲಿ ಅಮೆರಿಕದ ವರ್ಷ ಹಿಡಿದರೆ ಮೋಸ ಹೋಗುತ್ತೀರಿ. ಇಲ್ಲಿ ಮನೆಗಳಿಗೆ ಸೀಸದ ಬಣ್ಣ 1978ಕ್ಕೇ ನಿಂತಿತು. ಭಾರತದಲ್ಲಿ ಬಣ್ಣದ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90) ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಮುಂಚಿನ ಬಾಗಿಲು, ಕಿಟಕಿಯ ಎನಾಮಲ್ ಎಲ್ಲವೂ ಅನುಮಾನದ್ದೇ. ಒಣ ಮರಳುಕಾಗದದಿಂದ ಉಜ್ಜಬೇಡಿ. ಮಾದರಿ ತೆಗೆಯುವಾಗ ಮರದವರೆಗಿನ ಎಲ್ಲ ಪದರವೂ ಬರಲಿ. ಸೀಸ ಇರುವುದು ಹೆಚ್ಚಾಗಿ ಕೆಳಗಿನ ಪದರದಲ್ಲಿ.

ಇನ್ನು ಶೀಟು. ಕಲ್ನಾರು ಇದೆಯೋ ಇಲ್ಲವೋ ಕಣ್ಣಿಗೆ ತಿಳಿಯುವುದಿಲ್ಲ. ಮೂಲೆಯ ತುಂಡನ್ನು ನೆನೆಸಿ ಮುರಿದು, ಜಿಪ್ ಚೀಲದಲ್ಲಿಟ್ಟು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕವಿರುವ ಲ್ಯಾಬಿಗೆ ಕಳಿಸಬೇಕು. ನಮ್ಮ ಮಳೆಗೆ ಶೀಟಿನ ಸಿಮೆಂಟು ಸವೆದು ಮೇಲ್ಮೈಯಲ್ಲಿ ನಾರು ಎದ್ದಿರುತ್ತದೆ. ಹೀಗಿರುವಾಗ ಪಾಚಿ ಕೆರೆಯಲು ತಂತಿ ಬ್ರಷ್ಷು, ಪ್ರೆಶರ್ ಪಂಪು ಹಿಡಿಯುವುದು ಅತಿ ಕೆಟ್ಟ ಕೆಲಸ. ಇಳಿಸುವಾಗ ಸೋಪು ನೀರು ಚಿಮುಕಿಸಿ, ಜೆ ಬೋಲ್ಟು ತುಕ್ಕು ಹಿಡಿದಿದ್ದರೆ ಗ್ರೈಂಡರ್ ಬೇಡ, ಬೋಲ್ಟನ್ನೇ ಕಟರಿನಿಂದ ಕತ್ತರಿಸಿ. ಹಲಗೆ ಹಾಸಿ ಅದರ ಮೇಲೆ ಮಾತ್ರ ನಿಲ್ಲಬೇಕು, ಯಾಕೆಂದರೆ ನಾರಿಗಿಂತ ಮೊದಲು ಆಳು ಬಿದ್ದು ಸಾಯುವ ಅಪಾಯ. ಇಡೀ ಶೀಟನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಕಟ್ಟಿ. ಒಡೆದ ಚೂರನ್ನು ರಸ್ತೆ ಗುಂಡಿಗೆ ಹಾಕುವ ನಮ್ಮ ಅಭ್ಯಾಸ ನಿಲ್ಲಬೇಕಾದರೆ, ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ಸಾಗಿಸುವ ಬಾಡಿಗೆ ಟೆಂಡರಿನಲ್ಲೇ ಪ್ರತ್ಯೇಕ ಸಾಲಾಗಿ ಇರಬೇಕು.

ಒಂದು ವಿಷಯದಲ್ಲಿ ಮಾತ್ರ ಅಮೆರಿಕದವರು ನಮ್ಮಿಂದ ಕಲಿಯುವುದಿಲ್ಲ, ಅವರಿಗೆ ಬೇಕಾಗಿಯೂ ಇಲ್ಲ: ಆಷಾಢದ ತಪಾಸಣೆ. ಫೆಬ್ರವರಿಯಲ್ಲಿ ಒಣಗಿ ಕಾಣುವ ಜಂಬಿಟ್ಟಿಗೆ ಗೋಡೆ ಜುಲೈಯಲ್ಲಿ ಎಷ್ಟು ಎತ್ತರದವರೆಗೆ ನೆನೆಯುತ್ತದೆ ಎಂದು ಗೆರೆ ಹಾಕಿಟ್ಟು, ಆಮೇಲೆ ಗಾರೆಯ ಲೆಕ್ಕ ಬರೆಯಿರಿ.